ಬಕ್ಲರ್ಸ್ ಹಾರ್ಡ್: ಹಡಗುಗಳು ಬಿಟ್ಟುಹೋದ ದಂಡೆಯಲ್ಲಿ

ಮೊದಲ ದಿನ, ಶುಕ್ರವಾರ

ನನ್ನ ಅಜ್ಜ ಹೊನ್ನಾವರದ ಶರಾವತಿ ದಂಡೆಯಲ್ಲಿ ದೋಣಿ ಕಟ್ಟುತ್ತಿದ್ದ ಆಚಾರಿ. ಹೆಬ್ಬಲಸಿನ ಹಲಗೆಯ ವಾಸನೆ, ಅದರ ಮೇಲೆ ಬಳಿದ ಮೀನೆಣ್ಣೆಯ ವಾಸನೆ, ಬಾಚಿಯಿಂದ ಕೆತ್ತುವಾಗ ಕೇಳುವ ಒಂದೇ ಲಯದ ಸದ್ದು, ಇವಿಷ್ಟೂ ನನ್ನ ಬಾಲ್ಯದ ಜೊತೆ ಬೆರೆತಿವೆ. ಸೌತಾಂಪ್ಟನ್‌ನಲ್ಲಿರುವ ಮಗಳ ಮನೆಗೆ ಬಂದು ಎರಡು ವಾರ ಕಳೆದಿದ್ದವು. ಕಾರಿನಲ್ಲಿ ಒಂದು ಗಂಟೆಯೊಳಗೆ ತಲುಪಬಹುದಾದ ಹಳ್ಳಿಯೊಂದರಲ್ಲಿ, ಹೊಳೆಯ ದಂಡೆಯ ಮೇಲೆಯೇ, ಬ್ರಿಟಿಷ್ ನೌಕಾದಳದ ಯುದ್ಧನೌಕೆಗಳನ್ನು ಮರದಿಂದ ಕಟ್ಟುತ್ತಿದ್ದರೆಂದು ಅವಳು ಹೇಳಿದಾಗ, ಲಂಡನ್ನಿನ ಉಳಿದ ನೋಟಗಳನ್ನೆಲ್ಲ ಮುಂದಕ್ಕೆ ಹಾಕಿ ಮೊದಲು ಅಲ್ಲಿಗೇ ಹೋಗೋಣವೆಂದೆ. ಹಳ್ಳಿಯ ಹೆಸರು ಬಕ್ಲರ್ಸ್ ಹಾರ್ಡ್. ‘ಹಾರ್ಡ್’ ಎಂದರೆ ಆ ಕಡೆಯ ಮಾತಿನಲ್ಲಿ ಕೆಸರಿನ ನಡುವೆ ದೋಣಿ ತಾಗಿಸಲು ಸಿಗುವ ಗಟ್ಟಿ ನೆಲದ ದಡ. ನಮ್ಮಲ್ಲಿ ಧಕ್ಕೆ ಎನ್ನುವ ಜಾಗಕ್ಕೆ ಹತ್ತಿರದ ಪದ ಅದು.

ಮಗಳು ಮತ್ತು ಅಳಿಯ ಶುಕ್ರವಾರ ಮಧ್ಯಾಹ್ನವೇ ಕೆಲಸ ಮುಗಿಸಿಕೊಂಡು ಬಂದದ್ದರಿಂದ ಬೆಳಕಿರುವಾಗಲೇ ಹೊರಟೆವು. ಪಟ್ಟಣದ ಹೊರವಲಯ ದಾಟುತ್ತಿದ್ದಂತೆ ನ್ಯೂ ಫಾರೆಸ್ಟ್ ಆರಂಭವಾಗುತ್ತದೆ. ‘ಹೊಸ ಕಾಡು’ ಎಂಬ ಹೆಸರಿದ್ದರೂ ಅದು ವಿಜಯಿ ವಿಲಿಯಂ ದೊರೆ 1079ರಲ್ಲಿ ತನ್ನ ಬೇಟೆಗಾಗಿ ಕಾದಿರಿಸಿಕೊಂಡ ಕಾಡು. ನಮ್ಮ ಪಶ್ಚಿಮ ಘಟ್ಟದ ದಟ್ಟಣೆಯನ್ನು ಕಣ್ಣಿನಲ್ಲಿಟ್ಟುಕೊಂಡವರಿಗೆ ಇದರ ಬಹುಭಾಗ ಕಾಡೆನಿಸುವುದೇ ಇಲ್ಲ. ಪೊದೆ ಬೆಳೆದ ಬಯಲು, ನಡುವೆ ಓಕ್ ಮತ್ತು ಬೀಚ್ ಮರಗಳ ತೋಪು, ರಸ್ತೆಯ ಮೇಲೆಯೇ ನಿಂತು ವಾಹನಗಳನ್ನು ಕಾಯಿಸುವ ಗಿಡ್ಡ ಕುದುರೆಗಳು. ಈ ಕುದುರೆಗಳು ಕಾಡುಪ್ರಾಣಿಗಳಲ್ಲ, ಸುತ್ತಲಿನ ನಿವಾಸಿಗಳಿಗೆ ಸೇರಿದವು. ಮೇಯಿಸುವ ಹಕ್ಕು ಅವರಿಗೆ ಶತಮಾನಗಳಿಂದ ಬಂದಿದೆ. ಶರತ್ಕಾಲದಲ್ಲಿ ಓಕ್ ಕಾಯಿಗಳು ಉದುರಿದಾಗ ಅವನ್ನು ತಿಂದು ಕುದುರೆಗಳಿಗೆ ವಿಷವೇರಬಾರದೆಂದು ಹಂದಿಗಳನ್ನು ಕಾಡಿಗೆ ಬಿಡುವ ಪದ್ಧತಿ ಇಂದಿಗೂ ಇದೆ.

ಆ ಓಕ್ ಮರಗಳೇ ಈ ಪ್ರವಾಸದ ಮೂಲ. ನೌಕಾದಳಕ್ಕೆ ಮರ ಸಾಲದಾಗುತ್ತಿದೆಯೆಂಬ ಆತಂಕದಿಂದ ಇಂಗ್ಲೆಂಡಿನ ಸಂಸತ್ತು 1698ರಲ್ಲಿ ಈ ಕಾಡಿನ ಭಾಗಗಳಿಗೆ ಬೇಲಿ ಹಾಕಿ ಓಕ್ ಬೆಳೆಸಲು ಕಾನೂನು ಮಾಡಿತು. 1808ರಲ್ಲಿ ಮತ್ತೊಮ್ಮೆ ಅದೇ ಯತ್ನ ನಡೆಯಿತು. ಹಡಗಿಗೆ ಒದಗುವಷ್ಟು ಬಲಿಯಲು ಓಕ್ ಮರಕ್ಕೆ ನೂರು ವರ್ಷವಾದರೂ ಬೇಕು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ನೆಟ್ಟ ಸಸಿಗಳು ಬಲಿತು ನಿಲ್ಲುವ ಹೊತ್ತಿಗೆ ಹಡಗುಗಳನ್ನು ಕಬ್ಬಿಣದಿಂದ ಕಟ್ಟತೊಡಗಿದ್ದರು. ಕಾರಿನ ಕಿಟಕಿಯಿಂದ ಕಂಡ ನೆಟ್ಟನೆಯ ಹಳೆಯ ಮರಗಳಲ್ಲಿ ಕೆಲವಾದರೂ ಹಾಗೆ ಕರೆ ಬಾರದೆ ಉಳಿದುಕೊಂಡವು ಇರಬೇಕು ಎಂದುಕೊಂಡೆ.

ರಾತ್ರಿ ತಂಗಿದ್ದು ಬ್ಯೂಲಿ ಎಂಬ ಊರಿನಲ್ಲಿ. ಹೆಸರು ಫ್ರೆಂಚ್, ‘ಚೆಲುವಾದ ಸ್ಥಳ’ ಎಂದು ಅರ್ಥ. ಜಾನ್ ದೊರೆ 1204ರಲ್ಲಿ ಸಿಸ್ಟರ್ಶಿಯನ್ ಸನ್ಯಾಸಿಗಳಿಗಾಗಿ ಇಲ್ಲಿ ಮಠವನ್ನು ಸ್ಥಾಪಿಸಿದನು. ಎಂಟನೆಯ ಹೆನ್ರಿಯ ಕಾಲದಲ್ಲಿ, 1538ರಲ್ಲಿ, ಮಠ ಮುಚ್ಚಿತು. ಅದರ ಕಲ್ಲುಗಳು ಕಡಲತೀರದ ಕೋಟೆಗಳಿಗೆ ಹೋದವು, ಸನ್ಯಾಸಿಗಳ ಊಟದ ಮನೆ ಊರಿನ ಚರ್ಚ್ ಆಯಿತು. ಜಮೀನು ಕೈಬದಲಾಗುತ್ತ ಮಾಂಟಗು ಮನೆತನಕ್ಕೆ ಬಂದಿತು. ಇಂದಿಗೂ ಬ್ಯೂಲಿ ಹೊಳೆ, ಅದರ ತಳದ ನೆಲದ ಸಮೇತ, ಆ ಮನೆತನದ ಎಸ್ಟೇಟಿನ ಸ್ವತ್ತಾಗಿದೆ. ಹೊಳೆಯೊಂದು ಖಾಸಗಿ ಸ್ವತ್ತಾಗಿರುವುದು ನನಗೆ ಒಗ್ಗದ ಸಂಗತಿ. ಆದರೆ ದಂಡೆಯ ಮೇಲೆ ಕಾರ್ಖಾನೆಗಳಾಗಲಿ ಸಾಲುಸಾಲು ಹೊಸ ಕಟ್ಟಡಗಳಾಗಲಿ ಇಲ್ಲದಿರುವುದಕ್ಕೆ ಅದೂ ಕಾರಣವಿರಬಹುದೆಂದು ಮರುದಿನ ನಡೆಯುವಾಗ ಅನಿಸಿತು. ಊರಿನ ಪ್ರಸಿದ್ಧ ಮೋಟಾರು ವಸ್ತುಸಂಗ್ರಹಾಲಯವನ್ನು ಅಳಿಯ ಇನ್ನೊಮ್ಮೆ ನೋಡುವುದಾಗಿ ಬಿಟ್ಟುಕೊಟ್ಟರು.

ಎರಡನೆಯ ದಿನ, ಶನಿವಾರ

ಬ್ಯೂಲಿಯಿಂದ ಬಕ್ಲರ್ಸ್ ಹಾರ್ಡಿಗೆ ಹೊಳೆಯ ಪಕ್ಕದಲ್ಲೇ ಕಾಲುದಾರಿಯಿದೆ, ಸುಮಾರು ಎರಡು ಮೈಲಿ. ಕಾರು ಬಿಟ್ಟು ನಡೆದೆವು. ಮೇ ತಿಂಗಳಾದ್ದರಿಂದ ಓಕ್ ಮರಗಳ ಚಿಗುರು ಇನ್ನೂ ಹಳದಿ ಮಿಶ್ರಿತ ಹಸಿರಾಗಿತ್ತು. ಭರತದ ನೀರು ನಿಧಾನವಾಗಿ ಮೇಲೇರುತ್ತಿತ್ತು. ಹೊಳೆಯ ಎರಡೂ ಬದಿಯ ಜೌಗಿನಲ್ಲಿ ಕೊಕ್ಕರೆಗಳು ನಿಂತಿದ್ದವು. ದಾರಿಯ ನಡುವೆ ಬೈಲೀಸ್ ಹಾರ್ಡ್ ಎಂಬ ಸ್ಥಳ ಸಿಗುತ್ತದೆ. ಈ ಹೊಳೆಯಲ್ಲಿ ನೌಕಾದಳಕ್ಕಾಗಿ ಕಟ್ಟಿದ ಮೊದಲ ಹಡಗು, ಸಾಲ್ಸ್‌ಬರಿ, 1698ರಲ್ಲಿ ನೀರಿಗಿಳಿದದ್ದು ಅಲ್ಲಿ. ಈಗ ಅಲ್ಲಿ ನಿಂತು ನೋಡುವವರಿಗೆ ಅದರ ಗುರುತು ಸಿಗದು.

ಮರಗಳ ಮರೆ ಮುಗಿದು ದೋಣಿಗಳ ಕೂವೆಮರಗಳು ಕಾಣತೊಡಗಿದ ಮೇಲೆ ಹಳ್ಳಿ ಒಮ್ಮೆಗೇ ಎದುರಾಯಿತು. ಎರಡು ಸಾಲು ಕೆಂಪು ಇಟ್ಟಿಗೆಯ ಮನೆಗಳು, ನಡುವೆ ಹೊಳೆಯತ್ತ ಇಳಿಯುವ ಅತಿ ಅಗಲವಾದ ಹುಲ್ಲುಹಾಸಿನ ಬೀದಿ, ಬೀದಿಯ ಕೊನೆಯಲ್ಲಿ ನೀರು. ಹಳ್ಳಿಯೆಂದರೆ ಹೆಚ್ಚುಕಡಮೆ ಇಷ್ಟೇ. ಇಷ್ಟು ಚಿಕ್ಕ ಊರಿಗೆ ರಥಬೀದಿಗಿಂತ ಅಗಲವಾದ ಬೀದಿ ಏಕೆಂಬ ಪ್ರಶ್ನೆ ಯಾರಿಗಾದರೂ ಬರುತ್ತದೆ. ಅದಕ್ಕೆ ಉತ್ತರ ಸಕ್ಕರೆ. ಎರಡನೆಯ ಮಾಂಟಗು ಡ್ಯೂಕ್ ಜಾನ್ ಎಂಬಾತನಿಗೆ ಒಂದನೆಯ ಜಾರ್ಜ್ ದೊರೆ 1722ರಲ್ಲಿ ಕೆರಿಬಿಯನ್ ಕಡಲಿನ ಸೇಂಟ್ ಲೂಸಿಯಾ ಮತ್ತು ಸೇಂಟ್ ವಿನ್ಸೆಂಟ್ ದ್ವೀಪಗಳನ್ನು ದಯಪಾಲಿಸಿದನು. ಅಲ್ಲಿ ಬೆಳೆಯುವ ಸಕ್ಕರೆಯನ್ನು ತನ್ನದೇ ಹೊಳೆಗೆ ತರಿಸಿ, ಹಳೆಯ ಮಠಕ್ಕಿದ್ದ ಹಕ್ಕುಗಳ ಬಲದ ಮೇಲೆ ಸುಂಕವಿಲ್ಲದ ಬಂದರನ್ನು ಸ್ಥಾಪಿಸಿ, ಅದಕ್ಕೆ ಮಾಂಟಗು ಟೌನ್ ಎಂದು ಹೆಸರಿಡಲು ಡ್ಯೂಕ್ ಯೋಜಿಸಿದನು. ಆದರೆ ಅವನು ಕಳುಹಿಸಿದ ಹಡಗುಗಳನ್ನು ಫ್ರೆಂಚರು ಸೇಂಟ್ ಲೂಸಿಯಾದಿಂದ ಹಿಮ್ಮೆಟ್ಟಿಸಿದರು. ದ್ವೀಪಗಳೂ ಹೋದವು, ಸಕ್ಕರೆಯೂ ಬರಲಿಲ್ಲ. ಆ ಸಕ್ಕರೆ ಬಂದಿದ್ದರೆ ಗುಲಾಮರ ಬೆವರಿನಿಂದಲೇ ಬರಬೇಕಿತ್ತು; ಆದ್ದರಿಂದ ಆ ಯೋಜನೆ ಮುರಿದುಬಿದ್ದುದಕ್ಕೆ ನನಗೆ ಮರುಕವಿಲ್ಲ. ಉಳಿದದ್ದು ಅಗಲವಾದ ಬೀದಿ. ಮುಂದೆ ಹಡಗಿನ ಕೆಲಸ ಆರಂಭವಾದಾಗ ಕಡಿದು ತಂದ ಓಕ್ ದಿಮ್ಮಿಗಳನ್ನು ಒಣಗಲು ಪೇರಿಸಿಡುವುದಕ್ಕೆ ಅದೇ ಅನುಕೂಲವಾಯಿತು.

ಬೀದಿಯ ತಲೆಯಲ್ಲಿ ವಸ್ತುಸಂಗ್ರಹಾಲಯವಿದೆ. 1963ರಲ್ಲಿ ಆರಂಭವಾದ ಈ ಸಂಗ್ರಹಾಲಯ ದೊಡ್ಡದಲ್ಲ, ಅದೇ ಅದರ ಗುಣ. ಒಂದು ಬೆಳಗ್ಗೆಯಲ್ಲಿ ಎಲ್ಲವನ್ನೂ ಓದಿ ನೋಡಬಹುದು. ನಾನು ಹೆಚ್ಚು ಹೊತ್ತು ನಿಂತದ್ದು ಎರಡು ಕಡೆ. ಮೊದಲನೆಯದು 1803ರಲ್ಲಿ ಈ ಹಳ್ಳಿ ಹೇಗಿತ್ತೆಂದು ತೋರಿಸುವ ಪುಟ್ಟ ಮಾದರಿ. ಅದರಲ್ಲಿ ಬೀದಿಯ ತುಂಬ ದಿಮ್ಮಿಗಳಿವೆ, ಹೊಳೆಯಂಚಿನಲ್ಲಿ ಅರ್ಧ ಕಟ್ಟಿದ ಹಡಗುಗಳು ಮನೆಗಳಿಗಿಂತ ಎತ್ತರಕ್ಕೆ ಎದ್ದು ನಿಂತಿವೆ. ಈಗ ಕಾಣುವ ಹುಲ್ಲುಹಾಸಿನ ಶಾಂತಿ ಈ ಊರಿನ ನಿಜವಾದ ಮುಖವಲ್ಲವೆಂಬುದು ಆ ಮಾದರಿಯ ಮುಂದೆ ನಿಂತಾಗ ಅರ್ಥವಾಗುತ್ತದೆ. ಕೆಲಸದ ದಿನಗಳಲ್ಲಿ ಇಲ್ಲಿ ಸುತ್ತಿಗೆಯ ಸದ್ದು, ಕುದಿಯುವ ಡಾಂಬರಿನ ಹೊಗೆ, ಮರ ಹೇರಿದ ಗಾಡಿಗಳ ಕೆಸರು ತುಂಬಿರುತ್ತಿತ್ತು.

ಎರಡನೆಯದು ಬಡಗಿಗಳ ಹತಾರಗಳು. ಬಾಚಿ, ಬೈರಿಗೆ, ಉಳಿ, ಎರಡು ಹಿಡಿಯ ಉದ್ದ ಗರಗಸ. ಅಲ್ಲಿಯ ಬಾಚಿಯ ಹಿಡಿ ನಮ್ಮದಕ್ಕಿಂತ ಉದ್ದ; ಅಲ್ಲಿನವರು ನಿಂತುಕೊಂಡು ಕಾಲುಗಳ ನಡುವಿನ ಮರವನ್ನು ಕೆತ್ತುತ್ತಿದ್ದರು, ನನ್ನ ಅಜ್ಜ ಕುಳಿತು ಗಿಡ್ಡ ಹಿಡಿಯ ಬಾಚಿಯಿಂದ ಕೆತ್ತುತ್ತಿದ್ದರು. ಅಲಗಿನ ಬಾಗು ಮಾತ್ರ ಒಂದೇ. ದಿಮ್ಮಿಗಳನ್ನು ಹಲಗೆಯಾಗಿ ಸೀಳಲು ಗುಂಡಿ ತೋಡಿ, ಅದರ ಮೇಲೆ ದಿಮ್ಮಿಯನ್ನಿಟ್ಟು, ಒಬ್ಬ ಮೇಲೆ ನಿಂತು ಇನ್ನೊಬ್ಬ ಗುಂಡಿಯಲ್ಲಿ ನಿಂತು ಗರಗಸ ಎಳೆಯುತ್ತಿದ್ದರು. ಕೆಳಗಿನವನ ಕಣ್ಣಿಗೂ ಬಾಯಿಗೂ ದಿನವಿಡೀ ಮರದ ಹುಡಿ ಸುರಿಯುತ್ತಿತ್ತು. ಹಾಗೆ ಸೀಳಿದ ಹಲಗೆಗಳನ್ನು ಮರದ ಗೂಟಗಳಿಂದಲೇ ಬಿಗಿಯುತ್ತಿದ್ದರು. ನೀರು ತಾಗಿದಾಗ ಗೂಟ ಉಬ್ಬಿ ಹಿಡಿತ ಇನ್ನೂ ಬಿಗಿಯಾಗುತ್ತದೆ, ಕಬ್ಬಿಣದ ಮೊಳೆಯಂತೆ ತುಕ್ಕು ಹಿಡಿಯುವುದಿಲ್ಲ. ಸಂದುಗಳಿಗೆ ಹಳೆಯ ಹಗ್ಗದ ನಾರನ್ನು ತುರುಕಿ ಮೇಲೆ ಡಾಂಬರು ಹೊಯ್ಯುತ್ತಿದ್ದರು. ನಮ್ಮ ಕರಾವಳಿಯಲ್ಲಿ ಹತ್ತಿಯ ನೂಲು ಮತ್ತು ರಾಳದಿಂದ ಮಾಡುವ ಕೆಲಸವೇ ಇದು.

ಮರ ಆರಿಸುವ ವಿವೇಕವನ್ನು ಇನ್ನೂ ವಿವರವಾಗಿ ಹೇಳಬೇಕು. ನೆಟ್ಟನೆ ಬೆಳೆದ ಮರ ಹಲಗೆಗೆ ಸರಿ. ಹಡಗಿನ ಪಕ್ಕೆಲುಬುಗಳಿಗೂ ಅಟ್ಟದ ತೊಲೆಗಳನ್ನು ಹೊರುವ ಮೂಲೆಕಟ್ಟುಗಳಿಗೂ ಬೇಕಾದದ್ದು ಸ್ವಭಾವತಃ ಬಾಗಿ ಬೆಳೆದ ಮರ, ಏಕೆಂದರೆ ಕೊಯ್ದು ಬಾಗಿಸಿದ ತುಂಡಿನಲ್ಲಿ ಎಳೆ ತುಂಡಾಗಿ ಬಲ ಕುಂದುತ್ತದೆ. ಹಾಗಾಗಿ ಬಯಲಿನಲ್ಲಿ ಒಂಟಿಯಾಗಿ ನಿಂತು ಕೈಚಾಚಿದ ಓಕ್ ಮರಗಳಿಗೆ ಬೆಲೆ ಹೆಚ್ಚು. ನುರಿತ ಬಡಗಿ ನಿಂತ ಮರವನ್ನು ನೋಡಿಯೇ ಈ ಕೊಂಬೆ ಯಾವ ಪಕ್ಕೆಲುಬಾದೀತೆಂದು ಗುರುತಿಸುತ್ತಿದ್ದನು. ಹಡಗಿನ ತಳದುದ್ದಕ್ಕೂ ಬೆನ್ನೆಲುಬಿನಂತಿರುವ ಅಡಿಮರಕ್ಕೆ ಮಾತ್ರ ಎಲ್ಮ್ ಮರ. ಸದಾ ನೀರಿನೊಳಗೇ ಇದ್ದರೆ ಅದು ಕೊಳೆಯುವುದಿಲ್ಲ. ಕಬ್ಬಿಣದ ಸಾಮಗ್ರಿ ಸಮೀಪದ ಸೌಲಿ ಎಂಬಲ್ಲಿನ ಕುಲುಮೆಯಿಂದ ಬರುತ್ತಿತ್ತು. ಮರ, ಕಬ್ಬಿಣ, ಆಳವಾದ ಹೊಳೆ, ಗಟ್ಟಿ ದಡ, ಹತ್ತಿರದಲ್ಲೇ ಪೋರ್ಟ್ಸ್‌ಮತ್ ನೌಕಾನೆಲೆ ಎಲ್ಲವೂ ಕೂಡಿಬಂದದ್ದರಿಂದಲೇ ಹಿಡಿಯಷ್ಟು ಮನೆಗಳ ಈ ಊರಿನಲ್ಲಿ ಐವತ್ತರಷ್ಟು ಹಡಗುಗಳು ಹುಟ್ಟಿದವು.

ಆ ಕೆಲಸದ ಯಜಮಾನ ಹೆನ್ರಿ ಆಡಮ್ಸ್. 1713ರಲ್ಲಿ ಹುಟ್ಟಿದ ಈತ ನೌಕಾದಳದ ಮೇಲ್ವಿಚಾರಕನಾಗಿ 1744ರಲ್ಲಿ ಇಲ್ಲಿಗೆ ಬಂದು, ಇಲ್ಲಿಯೇ ನೆಲೆಸಿ, ತಾನೇ ಗುತ್ತಿಗೆ ಹಿಡಿದು ಹಡಗು ಕಟ್ಟತೊಡಗಿದನು. ಬೀದಿಯ ಕೆಳತುದಿಯಲ್ಲಿ, ಹೊಳೆಗೆ ಹತ್ತಿರದಲ್ಲಿ ಅವನ ಮನೆಯಿದೆ. ಈಗ ಅದು ಹೋಟೆಲು. ಅದರ ದೊಡ್ಡ ಕಿಟಕಿಯಿಂದ ಕೆಲಸದ ಕಟ್ಟೆಗಳೆಲ್ಲ ಅವನ ಕಣ್ಣಳತೆಯಲ್ಲಿರುತ್ತಿದ್ದವು ಎನ್ನುತ್ತಾರೆ. ಅವನ ಕೈಯಿಂದ ಹೊರಬಂದ ಹಡಗುಗಳಲ್ಲಿ ಹೆಸರಾದದ್ದು ಅಗಮೆಮ್ನಾನ್. ಅರವತ್ತನಾಲ್ಕು ಫಿರಂಗಿಗಳ, 160 ಅಡಿ ಉದ್ದದ ಆ ಹಡಗಿಗೆ 1777ರಲ್ಲಿ ಅಡಿಮರ ಇಟ್ಟರು. 1781ರ ಏಪ್ರಿಲ್ 10ರಂದು ಅದು ನೀರಿಗಿಳಿಯಿತು. ಸುಮಾರು ಎರಡು ಸಾವಿರ ಓಕ್ ಮರಗಳು ಅದೊಂದಕ್ಕೇ ಬಿದ್ದವು. ಮುಂದೆ ಬ್ರಿಟನ್ನಿನ ಹೆಸರಾಂತ ನೌಕಾಪತಿಯಾದ ಹೊರೇಷಿಯೋ ನೆಲ್ಸನ್ 1793ರಲ್ಲಿ ಅದರ ಕಪ್ತಾನನಾದನು. ಮುಂದೆ ಎಷ್ಟು ದೊಡ್ಡ ಹಡಗುಗಳು ಕೈಗೆ ಬಂದರೂ ಅವನ ಪ್ರೀತಿ ಇದರ ಮೇಲೇ ಇತ್ತು. ಕಾರ್ಸಿಕಾದ ಕಾಲ್ವಿಯಲ್ಲಿ ಬಲಗಣ್ಣಿನ ದೃಷ್ಟಿ ಕಳೆದುಕೊಂಡಾಗಲೂ ಅವನು ಇದೇ ಹಡಗಿನ ಕಪ್ತಾನನಾಗಿದ್ದನು. ಫ್ರಾನ್ಸ್ ಮತ್ತು ಸ್ಪೇನಿನ ನೌಕಾದಳಗಳನ್ನು ಬ್ರಿಟನ್ ಸೋಲಿಸಿದ 1805ರ ಟ್ರಫಾಲ್ಗರ್ ಕಾಳಗದಲ್ಲಿ ಬಕ್ಲರ್ಸ್ ಹಾರ್ಡಿನ ಮೂರು ಹಡಗುಗಳಿದ್ದವು: ಅಗಮೆಮ್ನಾನ್, ಸ್ವಿಫ್ಟ್‌ಶೂರ್ ಮತ್ತು ಯುರಿಯಾಲಸ್. ನೆಲ್ಸನ್ ಸತ್ತ ಮೇಲೆ ಸೇನೆಯ ಹೊಣೆ ಹೊತ್ತ ಕಾಲಿಂಗ್‌ವುಡ್ ತನ್ನ ಧ್ವಜವನ್ನು ಏರಿಸಿದ್ದು ಯುರಿಯಾಲಸ್ ಮೇಲೆ.

ಇಷ್ಟು ಕೀರ್ತಿಯ ಹಡಗುಗಳ ಕೊನೆಯನ್ನೂ ಓದಿದೆ. ಅಗಮೆಮ್ನಾನ್ 1809ರಲ್ಲಿ ದಕ್ಷಿಣ ಅಮೆರಿಕದ ಉರುಗ್ವೆ ತೀರದ ಮಾಲ್ಡೊನಾಡೊ ಕೊಲ್ಲಿಯಲ್ಲಿ ನೆಲಕ್ಕೆ ತಾಗಿ ಮುಳುಗಿತು. ಯುರಿಯಾಲಸ್‌ನ ಗತಿ ಅದಕ್ಕಿಂತ ಕಷ್ಟದ್ದು. ಕೂವೆಮರ ಕಳಚಿ, ಲಂಗರು ಹಾಕಿ, ಅದನ್ನು ಚಾಥಮ್‌ನಲ್ಲಿ ಶಿಕ್ಷೆಗೊಳಗಾದ ಹುಡುಗರ ತೇಲುವ ಸೆರೆಮನೆಯಾಗಿ ವರ್ಷಗಟ್ಟಲೆ ಬಳಸಿದರು. ಚಿಕ್ಕಪುಟ್ಟ ಕಳ್ಳತನಕ್ಕೆ ಸಿಕ್ಕಿಬಿದ್ದ ಎಳೆಯ ಮಕ್ಕಳನ್ನು ಅದರ ಒಡಲಿನಲ್ಲಿ ಕೂಡಿಹಾಕಿದ್ದರು. ಕಾಲಿಂಗ್‌ವುಡ್‌ನ ಧ್ವಜ ಹೊತ್ತ ಹಡಗು ಎಂದು ಓದಿದ ಕಣ್ಣಿನಿಂದಲೇ ಇದನ್ನೂ ಓದುವಾಗ ಮನಸ್ಸು ಭಾರವಾಯಿತು. ಹಲಗೆ ಜೋಡಿಸಿದ ಕೈಗಳು ಈ ಎರಡರಲ್ಲಿ ಯಾವುದನ್ನೂ ಬಲ್ಲವಾಗಿರಲಿಲ್ಲ.

ಹಡಗುಗಳ ಹೆಸರುಗಳ ನಡುವೆ ಹ್ಯಾನಿಬಲ್ ಎಂಬುದೊಂದು ಕಂಡಾಗ ನಾನು ಮಗಳನ್ನು ಕೂಗಿ ಕರೆದೆ. ಐವತ್ತು ಫಿರಂಗಿಗಳ ಆ ಹಡಗು 1779ರ ಡಿಸೆಂಬರಿನಲ್ಲಿ ಇಲ್ಲಿಂದ ನೀರಿಗಿಳಿದು, ಪೂರ್ವದ ಕಡಲಿಗೆ ಬಂದು, 1782ರ ಜನವರಿಯಲ್ಲಿ ಸುಮಾತ್ರಾದ ಬಳಿ ಫ್ರೆಂಚರ ಕೈಗೆ ಸಿಕ್ಕಿತು. ಫ್ರೆಂಚ್ ನೌಕಾಪತಿ ಸಫ್ರೆನ್‌ನ ದಳದಲ್ಲಿ ಅದೇ ಹೆಸರಿನ ದೊಡ್ಡ ಹಡಗೊಂದು ಆಗಲೇ ಇದ್ದುದರಿಂದ ಇದನ್ನು ಪುಟ್ಟ ಹ್ಯಾನಿಬಲ್ ಎಂದು ಕರೆದರು. ಮುಂದೆ ಅದು ಕೋರಮಂಡಲ ತೀರದಲ್ಲಿ ತನ್ನನ್ನು ಕಟ್ಟಿದವರ ವಿರುದ್ಧವೇ ಕಾದಾಡಿತು. ಆ ಸಫ್ರೆನ್‌ನೇ 1782ರ ಜುಲೈನಲ್ಲಿ ಕಡಲೂರಿನ ಸಮೀಪ ಹೈದರ್ ಅಲಿಯ ಶಿಬಿರಕ್ಕೆ ಹೋಗಿ ಭೇಟಿಯಾದದ್ದು. ಶ್ರೀರಂಗಪಟ್ಟಣದ ನವಾಬನಿಗೆ ಮಿತ್ರನಾದ ದಳದೊಳಗೆ ಈ ಹುಲ್ಲಿನ ದಂಡೆಯ ಓಕ್ ಮರಗಳೂ ಇದ್ದವೆಂದು ತಿಳಿದಾಗ, ಅಷ್ಟು ದೂರದ ಊರು ನನಗೆ ಅರ್ಧದಷ್ಟು ಹತ್ತಿರ ಬಂದಂತಾಯಿತು.

ಮಧ್ಯಾಹ್ನ ಬೀದಿಯ ಮನೆಗಳನ್ನು ನೋಡಿದೆವು. ಅವುಗಳಲ್ಲಿ ಕೆಲವನ್ನು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಇದ್ದಂತೆಯೇ ಸಜ್ಜುಗೊಳಿಸಿದ್ದಾರೆ. ಹಡಗಿನ ಬಡಗಿಯ ಮನೆಯಲ್ಲಿ ತಕ್ಕಮಟ್ಟಿಗೆ ಪೀಠೋಪಕರಣಗಳಿವೆ. ಕೂಲಿಯವನ ಮನೆಯಲ್ಲಿ ಒಂದೇ ಒಲೆ, ಅದರ ಸುತ್ತ ಇಡೀ ಸಂಸಾರ. ಒಂದೇ ಬೀದಿಯಲ್ಲಿ, ಒಂದೇ ಹಡಗಿಗೆ ದುಡಿಯುತ್ತಿದ್ದ ಇಬ್ಬರ ನಡುವಿನ ಅಂತರ ಬಾಗಿಲು ದಾಟುತ್ತಲೇ ತಿಳಿಯುತ್ತದೆ. ಸಾಲಿನ ಇನ್ನೊಂದು ಮನೆಯ ಕೋಣೆ ಪುಟ್ಟ ಪ್ರಾರ್ಥನಾಮಂದಿರವಾಗಿದೆ. ಮೇರಿ ಮಾತೆಯ ಹೆಸರಿನ ಆ ಕೋಣೆಯಲ್ಲಿ ಹತ್ತಾರು ಜನರಷ್ಟೇ ಕೂರಬಹುದು. ನಾವು ಮೂವರೂ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆವು.

ನಂತರ ದೋಣಿಯಲ್ಲಿ ಅರ್ಧ ಗಂಟೆ ಹೊಳೆಯ ಮೇಲೆ ಹೋಗಿ ಬಂದೆವು. ಈಗ ಇಲ್ಲಿ ನಿಲ್ಲುವುದು ಉಳ್ಳವರ ಬಿಳಿ ವಿಹಾರನೌಕೆಗಳು. ಒಂಟಿಯಾಗಿ ಭೂಮಿಯನ್ನು ಸುತ್ತಿದ ಸರ್ ಫ್ರಾನ್ಸಿಸ್ ಚಿಚೆಸ್ಟರ್ ತನ್ನ ಜಿಪ್ಸಿ ಮಾತ್ 4 ನೌಕೆಯನ್ನು ಇಟ್ಟುಕೊಂಡಿದ್ದದ್ದು ಈ ಹೊಳೆಯಲ್ಲೇ. 1966ರ ಆಗಸ್ಟಿನಲ್ಲಿ ಪ್ಲಿಮತ್ ಬಿಟ್ಟ ಆತ ಸಿಡ್ನಿಯಲ್ಲಿ ಮಾತ್ರ ತಂಗಿ 1967ರ ಮೇನಲ್ಲಿ ಮರಳಿದಾಗ ವಯಸ್ಸು 65. ದೋಣಿಯಿಂದ ನೋಡುವಾಗ ನನ್ನ ಗಮನವೆಲ್ಲ ಹೊಳೆಯ ತಿರುವುಗಳ ಮೇಲಿತ್ತು. ಇಷ್ಟು ಇಕ್ಕಟ್ಟಾದ ಪಾತ್ರದಲ್ಲಿ 160 ಅಡಿಯ ಒಡಲನ್ನು ಕಡಲಿಗೆ ಒಯ್ದದ್ದು ಹೇಗೆ? ನೀರಿಗಿಳಿದ ಹಡಗಿಗೆ ಆಗ ಕೂವೆಮರವಾಗಲಿ ಹಾಯಿಯಾಗಲಿ ಇರುತ್ತಿರಲಿಲ್ಲ. ಹುಟ್ಟುಹಾಕುವ ದೋಣಿಗಳು ಹಗ್ಗ ಕಟ್ಟಿ ಎಳೆಯುತ್ತ, ಭರತ ಇಳಿತಗಳ ಲೆಕ್ಕ ನೋಡಿಕೊಳ್ಳುತ್ತ, ಅದನ್ನು ಪೋರ್ಟ್ಸ್‌ಮತ್‌ಗೆ ಮುಟ್ಟಿಸುತ್ತಿದ್ದವು. ಕೂವೆಮರ, ಹಗ್ಗ, ಫಿರಂಗಿ ಎಲ್ಲವೂ ಸೇರುತ್ತಿದ್ದದ್ದು ಅಲ್ಲಿ. ಹಾಯಿ ಬಿಚ್ಚಿ ಪೂರ್ಣರೂಪದಲ್ಲಿ ನಿಂತ ತಮ್ಮ ಹಡಗನ್ನು ಈ ಹಳ್ಳಿಯ ದಂಡೆ ಎಂದೂ ಕಾಣಲಿಲ್ಲ.

ಮೂರನೆಯ ದಿನ, ಭಾನುವಾರ

ಹಿಂದಿನ ದಿನ ಭರತದಲ್ಲಿ ಮುಚ್ಚಿಹೋಗಿದ್ದ ದಡವನ್ನು ಇಳಿತದಲ್ಲಿ ನೋಡಬೇಕೆಂದು ಬೆಳಗ್ಗೆ ಬೇಗನೆ ಮತ್ತೆ ಬಂದೆವು. ಮನೆಗಳ ಸಾಲಿನ ಕೆಳಗೆ, ಹುಲ್ಲು ಮುಗಿದು ಕೆಸರು ಆರಂಭವಾಗುವಲ್ಲಿ, ಹಡಗುಗಳನ್ನು ನೀರಿಗಿಳಿಸುತ್ತಿದ್ದ ಇಳಿಜಾರು ಕಟ್ಟೆಗಳ ತಗ್ಗುಗಳಿವೆ. ಕೆಸರಿನಲ್ಲಿ ಕಪ್ಪಾದ ಮರದ ತುಂಡುಗಳು ತಲೆ ಎತ್ತಿದ್ದವು. ಹಡಗನ್ನು ಕಟ್ಟುತ್ತಿದ್ದದ್ದೇ ಈ ಇಳಿಜಾರಿನ ಮೇಲೆ, ಹಿಂಭಾಗ ಹೊಳೆಯತ್ತ ಮುಖಮಾಡಿರುವಂತೆ. ಮುಗಿದ ಮೇಲೆ ಅದರ ಕೆಳಗೆ ಮರದ ತೊಟ್ಟಿಲನ್ನು ಜೋಡಿಸಿ, ಜಾರುಹಲಗೆಗಳಿಗೆ ಪ್ರಾಣಿಗಳ ಕೊಬ್ಬನ್ನು ಮೆತ್ತಿ, ದೊಡ್ಡ ಭರತದ ದಿನಕ್ಕಾಗಿ ಕಾಯುತ್ತಿದ್ದರು. ನೀರು ತುದಿ ಮುಟ್ಟಿದ ಗಳಿಗೆಯಲ್ಲಿ ಆಸರೆಯ ಕಂಬಗಳನ್ನು ಒಂದೊಂದಾಗಿ ಬಡಿದು ಕೆಡವಿದರೆ, ನಾಲ್ಕು ವರ್ಷ ಅಲುಗದೆ ನಿಂತ ಮರದ ಬೆಟ್ಟ ತನ್ನ ಭಾರದಿಂದಲೇ ಹೊಳೆಗೆ ಜಾರುತ್ತಿತ್ತು. ಅಜ್ಜ ದೋಣಿ ಇಳಿಸುವ ದಿನ ಕಾಯಿ ಒಡೆದು, ಕೇರಿಯ ಗಂಡಸರೆಲ್ಲ ಹೆಗಲು ಕೊಟ್ಟು, ಉರುಳುಮರಗಳ ಮೇಲೆ ನೂಕುತ್ತಿದ್ದದ್ದು ನನಗೆ ನೆನಪಿದೆ. ಗಾತ್ರ ಬೇರೆ, ದೋಣಿ ನೀರಿಗೆ ತಾಗಿದೊಡನೆ ಎಲ್ಲರ ಬಾಯಿಂದಲೂ ಬರುತ್ತಿದ್ದ ಉದ್ಗಾರ ಇಲ್ಲಿಯೂ ಇದ್ದಿರಲೇಬೇಕು.

ಹೆನ್ರಿ ಆಡಮ್ಸ್ ಟ್ರಫಾಲ್ಗರ್ ಕಾಳಗ ನಡೆದ 1805ರಲ್ಲೇ, ತೊಂಬತ್ತೆರಡರ ವಯಸ್ಸಿನಲ್ಲಿ ತೀರಿಕೊಂಡನು. ಕೆಲಸ ಮುಂದುವರಿಸಿದ ಮಕ್ಕಳು ಕೈಮೀರಿ ಗುತ್ತಿಗೆಗಳನ್ನು ಹಿಡಿದು ಸಾಲದಲ್ಲಿ ಮುಳುಗಿದರು. ಕೆಲವೇ ವರ್ಷಗಳಲ್ಲಿ ದೊಡ್ಡ ಹಡಗುಗಳ ಕಾಲ ಇಲ್ಲಿ ಮುಗಿಯಿತು. ಎರಡನೆಯ ಮಹಾಯುದ್ಧದಲ್ಲಿ ನಾರ್ಮಂಡಿಯ ದಾಳಿಯ ಸಿದ್ಧತೆಗಾಗಿ ಈ ದಂಡೆ ಮತ್ತೆ ಕೆಲಸಕ್ಕೆ ಬಂದಿತಾದರೂ ಅದು ಅಲ್ಪಕಾಲದ್ದು.

ಕೆಸರಿನ ಅಂಚಿನಲ್ಲಿ ಕಲ್ಲಿನ ಮೇಲೆ ಕುಳಿತಾಗ ಮಿರ್ಜಾನ್ ನೆನಪಾಯಿತು. ಟಿಪ್ಪು ಸುಲ್ತಾನನು 1796ರಲ್ಲಿ ನಲವತ್ತರಷ್ಟು ಯುದ್ಧನೌಕೆಗಳ ಹೊಸ ದಳವನ್ನು ಕಟ್ಟಲು ಆಜ್ಞೆ ಹೊರಡಿಸಿ, ಮಂಗಳೂರಿನಲ್ಲಿ, ಮಿರ್ಜಾನಿನ ಬಳಿ, ಸದಾಶಿವಗಡದ ಬಳಿ ಹಡಗುಕಟ್ಟೆಗಳನ್ನು ನಿಯಮಿಸಿದನು. ಅಗಮೆಮ್ನಾನ್ ಇನ್ನೂ ಕಡಲಿನಲ್ಲಿದ್ದ ಕಾಲವದು. ಮೂರೇ ವರ್ಷಗಳಲ್ಲಿ ಶ್ರೀರಂಗಪಟ್ಟಣ ಬಿದ್ದು ಆ ಯೋಜನೆ ನಿಂತುಹೋಯಿತು. ಅಘನಾಶಿನಿಯ ದಂಡೆಯ ಮಿರ್ಜಾನ್ ಕೋಟೆಗೆ ನಾನು ಹತ್ತಾರು ಬಾರಿ ಹೋಗಿದ್ದೇನೆ. ಅಲ್ಲಿ ತೇಗದ ದಿಮ್ಮಿಗಳು ಬಂದು ಬೀಳಬೇಕಿದ್ದ ದಂಡೆ ಯಾವುದೆಂದು ಒಮ್ಮೆಯೂ ಯಾರನ್ನೂ ಕೇಳಲಿಲ್ಲ. ಇಲ್ಲಿನವರು ಖಾಲಿಯಾದ ನಾಲ್ಕು ತಗ್ಗುಗಳನ್ನೂ ಕೂಲಿಯವನ ಒಲೆಯನ್ನೂ ಬಡಗಿಯ ಬೈರಿಗೆಯನ್ನೂ ಇಷ್ಟು ಜತನದಿಂದ ಕಾಪಾಡಿಕೊಂಡಿರುವುದನ್ನು ಕಂಡ ಮೇಲೆ, ಊರಿಗೆ ಹೋದೊಡನೆ ಕೇಳಬೇಕೆನಿಸಿದೆ.

“ಅಪ್ಪಾ, ಮುತ್ತಜ್ಜ ಎಷ್ಟು ದೋಣಿ ಕಟ್ಟಿದ್ದರು?” ಎಂದು ಮಗಳು ಕೇಳಿದಳು. ನನಗೆ ಗೊತ್ತಿರಲಿಲ್ಲ. ಹೊನ್ನಾವರದಲ್ಲಿ ಆಗ ಮಧ್ಯಾಹ್ನವಾಗಿತ್ತು. ಅಲ್ಲಿಂದಲೇ ಅಣ್ಣನಿಗೆ ಫೋನು ಮಾಡಿದೆ. ಲೆಕ್ಕ ಅವನಿಗೂ ತಿಳಿಯದು. ಆದರೆ ಅಜ್ಜನ ಬಾಚಿ ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಇನ್ನೂ ಇದೆ, ಹಿಡಿ ಗೆದ್ದಲು ತಿಂದಿದೆ, ಹೊಸದು ಹಾಕಿಸಲೇ ಎಂದು ಕೇಳಿದನು. ನಾನು ಬರುವ ತನಕ ಅದನ್ನು ಹಾಗೆಯೇ ಇಟ್ಟಿರು ಎಂದೆ. ಅಷ್ಟರಲ್ಲಿ ಭರತ ಮತ್ತೆ ಏರತೊಡಗಿ, ಕೆಸರಿನಲ್ಲಿ ಕಂಡಿದ್ದ ಕಪ್ಪು ಮರದ ತುಂಡುಗಳಲ್ಲಿ ದೂರದವು ನೀರಿನೊಳಗೆ ಸೇರಿದ್ದವು.